ಮಕ್ಕಳ ಜೊತೆ ಹಳೆಯ ವಿಡಿಯೋ ಗೇಮ್: ಹಳೇ ಡಬ್ಬವೋ, ಸ್ಟಿಕ್ಕೋ, ಸ್ವಿಚ್ಚೋ, ಲ್ಯಾಪ್‌ಟಾಪೋ?

ತೊಂಬತ್ತರ ದಶಕದಲ್ಲಿ ಮಾರಿಯೋ, ಕಾಂಟ್ರಾ ಆಡಿ ಬೆಳೆದವರ ಮನೆಯಲ್ಲಿ ಈಗ ಏಳೆಂಟು ವರ್ಷದ ಮಕ್ಕಳಿದ್ದಾರೆ. ಅವರಿಗೂ ಆ ಆಟಗಳನ್ನು ತೋರಿಸಬೇಕು, ಪಕ್ಕದಲ್ಲಿ ಕೂತು ಆಡಬೇಕು ಎನ್ನುವ ಆಸೆ ಮುಂಬೈ, ಪುಣೆ, ಗೋವಾದ ಕನ್ನಡ ಮನೆಗಳಲ್ಲೂ ಬೇಕಾದಷ್ಟಿದೆ. ಎಡವುವುದು ಕೊಳ್ಳಲು ಹೊರಟಾಗ. ಲಾಫ್ಟಿನಲ್ಲಿರುವ ಹಳೆಯ ಟಿವಿ ಗೇಮ್ ಡಬ್ಬವನ್ನೇ ರಿಪೇರಿ ಮಾಡಿಸುವುದೇ? ಎರಡು ಸಾವಿರಕ್ಕೆ ‘ಹತ್ತು ಸಾವಿರ ಆಟ’ ಎಂದು ಮಾರುವ, ಟಿವಿಗೆ ಸಿಕ್ಕಿಸುವ ಸ್ಟಿಕ್ ತರಿಸುವುದೇ? ನಿಂಟೆಂಡೋ ಸ್ವಿಚ್ ಕೊಳ್ಳುವುದೇ? ಮೂಲೆ ಸೇರಿದ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸುವುದೇ? ಎಲ್ಲದರಲ್ಲೂ ಮಾರಿಯೋ ಓಡುತ್ತಾನೆ. ಆದರೆ ಎಲ್ಲದರಲ್ಲೂ ಮಗು ಖುಷಿಯಿಂದ ಆಡುವುದಿಲ್ಲ.

ಅಳತೆಗೋಲು ಮೊದಲು

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಆಟಗಳ ಸಂಖ್ಯೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಒಂದು ಮಗು ಒಂದು ಬೇಸಿಗೆ ರಜೆಯಲ್ಲಿ ಮನಸಾರೆ ಆಡುವುದು ನಾಲ್ಕೈದು ಆಟ. ಹತ್ತು ಒಳ್ಳೆಯ ಆಟಗಳಿದ್ದರೆ ವರ್ಷಕ್ಕೆ ಸಾಕು. ಪಟ್ಟಿ ಸಾವಿರ ದಾಟಿದರೆ ಮಕ್ಕಳು ಎರಡು ನಿಮಿಷಕ್ಕೊಂದು ಆಟ ಬದಲಿಸುತ್ತಾರೆ, ಯಾವುದನ್ನೂ ಕಲಿಯುವುದಿಲ್ಲ.

ನಿಜವಾಗಿ ನೋಡಬೇಕಾದ ಮೊದಲ ವಿಷಯ ಎರಡನೇ ಕಂಟ್ರೋಲರ್. ನೀವು ಹಂಚಿಕೊಳ್ಳಲು ಹೊರಟಿದ್ದೀರಿ, ಮಗುವಿನ ಕೈಗೆ ಕೊಟ್ಟು ಎದ್ದುಹೋಗಲು ಅಲ್ಲ. ಎರಡು ಕಂಟ್ರೋಲರ್ ಜೊತೆಗೇ ಬರುತ್ತವೆಯೇ, ಕೆಟ್ಟರೆ ಬೇರೆಯದು ಸಿಗುತ್ತದೆಯೇ ಎಂದು ಕೇಳಿ. ಮುಂಬೈನಲ್ಲಿ, ಪಣಜಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ಆಟಕ್ಕೆ ಕೂತರೆ ಬಾಯಿಗೆ ಬರುವುದು ಹಿಂದಿ, ಮರಾಠಿ. ಅಪ್ಪನೋ ಅಮ್ಮನೋ ಪಕ್ಕದಲ್ಲಿದ್ದರೆ ಅರ್ಧ ಗಂಟೆ ‘ಹಾರು, ಬಗ್ಗು, ಆ ಕಡೆ ಬೇಡ, ಈಗ ಹೊಡಿ’ ಎಂದು ಕನ್ನಡವೇ ಓಡುತ್ತದೆ. ಇದನ್ನು ಸಣ್ಣ ಲಾಭ ಎಂದುಕೊಳ್ಳಬೇಡಿ.

ಎರಡನೆಯದು ತಡ. ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯ ಮೇಲೆ ಮಾರಿಯೋ ಹಾರುವ ಕ್ಷಣಕ್ಕೂ ನಡುವಿನ ಅಂತರ ಇದು. ಹಳೆಯ ಡಬ್ಬ ಟಿವಿಯಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಎಲ್‌ಇಡಿ ಟಿವಿ ಬಂದ ಚಿತ್ರವನ್ನು ಮೊದಲು ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಗೇಮ್ ಮೋಡ್ ಹಾಕದಿದ್ದರೆ ಎಷ್ಟೋ ಟಿವಿಗಳಲ್ಲಿ ಇದಕ್ಕೇ 100 ಮಿಲಿಸೆಕೆಂಡ್ ಹೋಗುತ್ತದೆ. ಈ ಆಟಗಳು ಸೆಕೆಂಡಿಗೆ 60 ಚಿತ್ರ ತೋರಿಸುವುದರಿಂದ 100 ಮಿಲಿಸೆಕೆಂಡ್ ಎಂದರೆ ಆರು ಚಿತ್ರ. ಹಳ್ಳದ ಅಂಚಿಗೆ ಬಂದು ಹಾರಬೇಕಾದ ಮಾರಿಯೋ ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಾನೆ. ಟಿವಿಯ ತಪ್ಪು ಎಂದು ಮಗುವಿಗೆ ತಿಳಿಯುವುದಿಲ್ಲ, ‘ನನಗೆ ಬರೋದಿಲ್ಲ’ ಎಂದು ಎದ್ದುಹೋಗುತ್ತದೆ. ಹಳೆಯ ಆಟಗಳನ್ನು ಮಕ್ಕಳು ಒಲ್ಲೆ ಎನ್ನುವುದಕ್ಕೆ ಗ್ರಾಫಿಕ್ಸ್ ಕಾರಣ ಎಂದು ದೊಡ್ಡವರು ಭಾವಿಸುತ್ತಾರೆ. ಬಹಳ ಸಲ ಕಾರಣ ಈ ತಡವೇ.

ಇದನ್ನು ಮನೆಯಲ್ಲೇ ಅಳೆಯಬಹುದು. ಫೋನಿನ ಸ್ಲೋ ಮೋಷನ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಚಿತ್ರಕ್ಕೆ ಇಡಿ. ಕಂಟ್ರೋಲರ್ ಹಿಡಿದ ಹೆಬ್ಬೆರಳೂ ಟಿವಿಯೂ ಒಟ್ಟಿಗೆ ಕಾಣುವ ಹಾಗೆ ಹಿಡಿದು ಹಾರುವ ಗುಂಡಿಯನ್ನು ನಾಲ್ಕೈದು ಸಲ ಒತ್ತಿ. ಆಮೇಲೆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಾ, ಗುಂಡಿ ಕೆಳಗಿಳಿದಲ್ಲಿಂದ ಮಾರಿಯೋ ನೆಲ ಬಿಡುವವರೆಗೆ ಎಣಿಸಿ. ಒಂದು ಚಿತ್ರಕ್ಕೆ ಸುಮಾರು 4 ಮಿಲಿಸೆಕೆಂಡ್. ಹದಿನೈದು, ಇಪ್ಪತ್ತರ ಒಳಗಿದ್ದರೆ ಚಿಂತೆಯಿಲ್ಲ. ಮೂವತ್ತು ದಾಟಿದರೆ ಎಲ್ಲೋ ಸರಿಪಡಿಸಬೇಕು ಎಂದರ್ಥ. ಮೊದಲು ಟಿವಿಯ ಪಿಕ್ಚರ್ ಮೋಡನ್ನು ‘ಗೇಮ್’ಗೆ ಬದಲಿಸಿ. ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಅಲ್ಲೇ ಇರುವಾಗ ಚಿತ್ರದ ಅಳತೆಯನ್ನು 4:3 ಮಾಡಿಬಿಡಿ. 16:9ಕ್ಕೆ ಎಳೆದರೆ ಮಾರಿಯೋ ಊದಿದ ಹಾಗೆ ಕಾಣುತ್ತಾನೆ, ಹಾರುವ ದೂರದ ಅಂದಾಜೂ ಕೆಡುತ್ತದೆ.

ಮೂರನೆಯದು, ಆಟವನ್ನು ನಿಲ್ಲಿಸಿದ ಜಾಗದಲ್ಲೇ ಉಳಿಸಿಕೊಳ್ಳುವ ಸೌಲಭ್ಯ, ಸಾಧ್ಯವಾದರೆ ಹಿಂದಕ್ಕೆ ತಿರುಗಿಸುವ ರಿವೈಂಡ್. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಬೆನ್ನಿಗೆ ಹುಟ್ಟಿದ ಆಟಗಳಿವು. ಬೇಗ ಸಾಯಿಸಿ ಮತ್ತೆ ನಾಣ್ಯ ಕೀಳುವ ಗುಣ ಇವುಗಳ ರಕ್ತದಲ್ಲೇ ಇದೆ. ಮೂರು ಜೀವ ಮುಗಿದರೆ ಮೊದಲಿನಿಂದ ಎನ್ನುವುದನ್ನು ಆರು ವರ್ಷದ ಮಗು ತಡೆದುಕೊಳ್ಳುವುದಿಲ್ಲ. ಅಜ್ಜಿಯ ಧಾರಾವಾಹಿ ಶುರುವಾದಾಗ ಆಟ ನಿಲ್ಲಿಸಲೂ ಇದು ಬೇಕು.

ಕೊನೆಯದಾಗಿ, ನಿಮ್ಮ ಟಿವಿಗೆ ಅದು ನೇರವಾಗಿ ಸೇರುತ್ತದೆಯೇ, ಕೆಟ್ಟರೆ ಯಾರು ನೋಡುತ್ತಾರೆ ಎನ್ನುವುದು.

ಲಾಫ್ಟಿನಲ್ಲಿರುವ ಹಳೆಯ ಡಬ್ಬ

ನಮ್ಮಲ್ಲಿ ‘ಟಿವಿ ಗೇಮ್’ ಎಂದು ಮನೆಮನೆಗೆ ಬಂದದ್ದು ಬಹುಪಾಲು ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಹಳದಿ, ಕಪ್ಪು ಕ್ಯಾಸೆಟ್‌ಗಳ ಕೆಳಗೆ 60 ಪಿನ್ನಿನ ಅಂಚು. ತಡ ಅತಿ ಕಡಿಮೆ ಇರುವುದು ಇದರಲ್ಲೇ, ಅದೂ ಹಳೆಯ ಡಬ್ಬ ಟಿವಿಗೆ ಜೋಡಿಸಿದಾಗ. ಉಳಿಸಿಕೊಳ್ಳುವುದು, ರಿವೈಂಡ್ ಎರಡೂ ಇಲ್ಲ.

ಚಾಲೂ ಮಾಡುವ ಮುಂಚೆ ಅಡಾಪ್ಟರ್ ನೋಡಿ. ಡಬ್ಬದ ಕೆಳಗೆ ವೋಲ್ಟೇಜು, ಪ್ಲಸ್ ಮೈನಸ್ ಗುರುತು ಬರೆದಿರುತ್ತದೆ. ಒಂದೊಂದು ನಕಲಿಗೆ ಒಂದೊಂದು ಥರ. ಕೆಲವಕ್ಕೆ ಪಿನ್ನಿನ ನಡುವೆ ಮೈನಸ್, ಕೆಲವಕ್ಕೆ ಪ್ಲಸ್. ಅಸಲಿ ಫ್ಯಾಮಿಕಾಮ್‌ಗೆ ನಡುವೆ ಮೈನಸ್. ರೌಟರಿನ ಅಡಾಪ್ಟರ್ ಸರಿಯಾಗಿ ಕೂರುತ್ತದೆ ಎಂದು ಸಿಕ್ಕಿಸಿದರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಮಲ್ಟಿಮೀಟರಿನಲ್ಲಿ ಅಳೆದೇ ಹಾಕಿ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ 9 ವೋಲ್ಟ್ ಅಡಾಪ್ಟರ್ ಭಾರವಿಲ್ಲದಾಗ 12, 13 ತೋರಿಸಿದರೆ ಹೆದರಬೇಡಿ, ಒಳಗಿರುವ 7805 ರೆಗ್ಯುಲೇಟರ್ ಅದನ್ನು 5 ವೋಲ್ಟಿಗೆ ಇಳಿಸುತ್ತದೆ.

ಚಿತ್ರ ಚಿಂದಿಯಾಗಿ ಬಂದರೆ, ಪರದೆ ಬರೀ ಒಂದೇ ಬಣ್ಣವಾಗಿ ನಿಂತರೆ, ಹತ್ತರಲ್ಲಿ ಒಂಬತ್ತು ಸಲ ಕ್ಯಾಸೆಟ್ಟಿನ ಪಿನ್ನುಗಳೇ ಕಾರಣ. ಮುಂಬೈ, ಗೋವಾದ ಕಡಲ ಗಾಳಿಯಲ್ಲಿ ನಾಲ್ಕು ಮಳೆಗಾಲ ಕಳೆದ ತಾಮ್ರ ಮಂಕಾಗಿ ಹಸಿರು ಹಿಡಿದಿರುತ್ತದೆ. ಆಗ ಎಲ್ಲರೂ ಬಾಯಿಂದ ಊದುತ್ತಿದ್ದೆವು. ಕೆಲಸ ಮಾಡಿದಂತೆ ಕಂಡದ್ದು ಕ್ಯಾಸೆಟ್ ತೆಗೆದು ಮತ್ತೆ ಕೂರಿಸಿದ್ದಕ್ಕೆ. ಉಸಿರಿನ ತೇವ ಪಿನ್ನನ್ನು ಇನ್ನಷ್ಟು ಹಾಳುಮಾಡುತ್ತದೆ. 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿನ್ನಿನ ಉದ್ದಕ್ಕೆ ಉಜ್ಜಿ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಬದಲಿಸುತ್ತಾ ಹೋಗಿ. ಹಸಿರು ಬಿಡದಿದ್ದರೆ ಬಿಳಿ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ತೆಗೆದು ಮತ್ತೆ ಆಲ್ಕೋಹಾಲ್. ಹತ್ತು ನಿಮಿಷ ಒಣಗಿಸಿ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿಡಿ.

ಟಿವಿಗೆ ಸೇರಿಸುವುದು ಎರಡನೇ ತಲೆನೋವು. ಹಳದಿ, ಬಿಳಿ ಎವಿ ತೂತುಗಳು ಎಷ್ಟೋ ಹೊಸ ಟಿವಿಗಳಲ್ಲಿ ಇರುವುದಿಲ್ಲ, ಇದ್ದರೂ ಕೆಲವದರಲ್ಲಿ 3.5 ಮಿಲಿಮೀಟರ್ ಜ್ಯಾಕ್ ರೂಪದಲ್ಲಿರುತ್ತವೆ. ಸುಮಾರು 500 ರೂಪಾಯಿಗೆ ಸಿಗುವ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪೆಟ್ಟಿಗೆ ಕೊಳ್ಳುವಾಗ ದಿಕ್ಕು ಸರಿಯಾಗಿ ನೋಡಿ, ಎಚ್‌ಡಿಎಂಐಯಿಂದ ಎವಿಗೆ ಹೋಗುವ ಪೆಟ್ಟಿಗೆ ನೋಡಲು ಅದೇ ಥರ ಇರುತ್ತದೆ. ಈ ಪೆಟ್ಟಿಗೆಯೂ ತನ್ನ ಪಾಲಿನ ತಡ ಸೇರಿಸುತ್ತದೆ ಎನ್ನುವುದು ನೆನಪಿರಲಿ.

ಬಾತುಕೋಳಿ ಹೊಡೆಯುವ ಆಟದ ಬಂದೂಕನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಡಬ್ಬ ಟಿವಿ ಬೇಕೇ ಬೇಕು. ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಆ ಕ್ಷಣದಲ್ಲೇ ಹಿಡಿಯಬೇಕು. ಎಲ್‌ಇಡಿ ಟಿವಿಯಲ್ಲಿ ಚೌಕ ತಡವಾಗಿ ಬರುತ್ತದೆ, ಬೆಳಕಿನ ಮಿಡಿತವೂ ಬೇರೆ. ಹಾಗಾಗಿ ಎಷ್ಟು ಗುರಿಯಿಟ್ಟರೂ ಗುಂಡು ತಾಗುವುದಿಲ್ಲ. ಪುಣೆಯ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ, ಮುಂಬೈನ ಚೋರ್ ಬಜಾರಿನಲ್ಲಿ, ಇಲ್ಲವೇ ಪರಿಚಯದ ಭಂಗಾರ್‌ವಾಲಾನ (ಗುಜರಿಯವನ) ಹತ್ತಿರ 14 ಇಂಚಿನ ಡಬ್ಬ ಟಿವಿ ಇನ್ನೂ ಸಿಗಬಹುದು. ಕರೆಂಟಿಗೆ ಹಾಕಿಸಿ ನೋಡಿಯೇ ತನ್ನಿ. ಹಿಂದಿನ ಕವಚ ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಹತ್ತು ಸಾವಿರ ಆಟದ ಸ್ಟಿಕ್

1,500ರಿಂದ 3,000 ರೂಪಾಯಿಯವರೆಗಿನ ಈ ಸ್ಟಿಕ್ಕು ನೇರ ಎಚ್‌ಡಿಎಂಐಗೆ ಸೇರುತ್ತದೆ, ವೈರಿಲ್ಲದ ಎರಡು ಕಂಟ್ರೋಲರ್ ಜೊತೆಗೇ ಬರುತ್ತವೆ. ಎರಡನೇ ಕಂಟ್ರೋಲರಿನ ಅಳತೆಗೆ ಇದು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಡಬ್ಬಿಯ ಮೇಲಿನ ‘4ಕೆ’ ಎನ್ನುವುದಕ್ಕೆ ಅರ್ಥವಿಲ್ಲ. ಫ್ಯಾಮಿಕಾಮ್ ಆಟದ ಚಿತ್ರವೇ 256 ಅಗಲ, 240 ಎತ್ತರದ್ದು.

ಹತ್ತು ಸಾವಿರದಲ್ಲಿ ಒಂದೇ ಆಟ ಬೇರೆ ಬೇರೆ ಹೆಸರಲ್ಲಿ ಹತ್ತಾರು ಸಲ ಇರುತ್ತದೆ. ನಡುವೆ ಯಾರೋ ತಿದ್ದಿ ಅಶ್ಲೀಲ ಚಿತ್ರ ಸೇರಿಸಿದ ಆಟಗಳೂ, ಮಾರ್ಟಲ್ ಕಾಂಬ್ಯಾಟ್ ಥರದ ರಕ್ತಪಾತದ ಆಟಗಳೂ ನುಸುಳಿರುತ್ತವೆ. ಮಕ್ಕಳ ಕೈಗೆ ಕೊಡುವ ಮುಂಚೆ ಒಂದು ರಾತ್ರಿ ಕೂತು ಪಟ್ಟಿ ನೋಡಲೇಬೇಕು. ಬೇಕಾದ ಹದಿನೈದನ್ನು ‘ಫೇವರಿಟ್’ಗೆ ಸೇರಿಸಿ, ಆ ಪಟ್ಟಿಯಿಂದಲೇ ಆಡುವುದು ಎಂದು ಮನೆಯಲ್ಲಿ ನಿಯಮ ಮಾಡಿ. ಈ ಆಟಗಳಿಗೆ ಅವುಗಳ ಕಂಪನಿಗಳ ಅನುಮತಿ ಇರುವುದಿಲ್ಲ. ಅಗ್ಗವಾಗಿರುವುದಕ್ಕೆ ಅದೂ ಒಂದು ಕಾರಣ.

ಸ್ಟಿಕ್ಕಿನಲ್ಲಿ ಮೊದಲು ಸಾಯುವುದು ಒಳಗಿನ ಮೆಮೊರಿ ಕಾರ್ಡು. ಬಂದ ದಿನವೇ ಅದರ ಪ್ರತಿ ತೆಗೆದಿಡಿ. ಸ್ಟಿಕ್ ಆಫ್ ಮಾಡಿ, ಕಾರ್ಡ್ ತೆಗೆದು ಕಾರ್ಡ್ ರೀಡರಿನಲ್ಲಿ ಕಂಪ್ಯೂಟರಿಗೆ ಹಾಕಿ. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ, ಹೌದು ಎಂದರೆ ಎಲ್ಲ ಅಳಿಸಿಹೋಗುತ್ತದೆ. ವಿನ್32 ಡಿಸ್ಕ್ ಇಮೇಜರ್ ಎಂಬ ಪ್ರೋಗ್ರಾಮಿನಲ್ಲಿ ‘ರೀಡ್’ ಒತ್ತಿ ಇಡೀ ಕಾರ್ಡನ್ನು ಒಂದು ಫೈಲಾಗಿ ಉಳಿಸಿ, ಹೆಸರಾಂತ ಕಂಪನಿಯ ಕಾರ್ಡಿಗೆ ‘ರೈಟ್’ ಮಾಡಿ. ಹೊಸ ಕಾರ್ಡು ಹಳೆಯದಕ್ಕಿಂತ ಚಿಕ್ಕದಾಗಿರಬಾರದು.

ಆಡುತ್ತಾ ಆಡುತ್ತಾ ಸ್ಟಿಕ್ ತಾನಾಗಿ ರೀಸ್ಟಾರ್ಟ್ ಆದರೆ ಅದಕ್ಕೆ ಟಿವಿಯ ಯುಎಸ್‌ಬಿ ಕರೆಂಟ್ ಸಾಲುತ್ತಿಲ್ಲ. ಫೋನಿನ 5 ವೋಲ್ಟ್, 2 ಆಂಪಿಯರ್ ಚಾರ್ಜರಿಗೆ ಹಾಕಿ. ಕಂಟ್ರೋಲರ್ ಮಾತು ಕೇಳದಿದ್ದರೆ ಅದರ ಪುಟ್ಟ ರಿಸೀವರ್ ಟಿವಿಯ ಬೆನ್ನಿಗೆ ಅಡಗಿರುತ್ತದೆ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಮುಂದಕ್ಕೆ ತನ್ನಿ. ಇಷ್ಟೆಲ್ಲ ಮಾಡಿದರೂ ಕೆಲವು ಸ್ಟಿಕ್ಕುಗಳಲ್ಲಿ ತಡ ಹೋಗುವುದೇ ಇಲ್ಲ, ಏಕೆಂದರೆ ಅದು ಅವುಗಳ ಒಳಗೇ ಇದೆ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮೇಲೆ ಹೇಳಿದಂತೆ ಅಳೆದುಬಿಡಿ.

ಕಂಪನಿಯದ್ದೇ ಬೇಕೆಂದರೆ

ನಿಂಟೆಂಡೋ 2016ರಲ್ಲಿ 30 ಆಟಗಳ ಪುಟ್ಟ ಎನ್‌ಇಎಸ್ ಕ್ಲಾಸಿಕ್ (ಎನ್‌ಇಎಸ್ ಎಂದರೆ ಫ್ಯಾಮಿಕಾಮ್‌ನದೇ ವಿದೇಶಿ ರೂಪ), 2017ರಲ್ಲಿ 21 ಆಟಗಳ ಸೂಪರ್ ಎನ್‌ಇಎಸ್ ಕ್ಲಾಸಿಕ್ ತಂದಿತು. ಸೆಗಾದ ಮೆಗಾ ಡ್ರೈವ್ ಮಿನಿ ಬಂದದ್ದು 2019ರಲ್ಲಿ, 42 ಆಟಗಳೊಂದಿಗೆ. ಆಯ್ಕೆ ಅಚ್ಚುಕಟ್ಟು, ತಡ ಕಡಿಮೆ, ಎಲ್ಲಿ ಬೇಕಾದರೂ ಉಳಿಸಿಕೊಳ್ಳಬಹುದು. ಮಕ್ಕಳಿಗೆಂದರೆ ಸೂಪರ್ ಎನ್‌ಇಎಸ್ ಕ್ಲಾಸಿಕ್ ಇವುಗಳಲ್ಲಿ ಶ್ರೇಷ್ಠ: ಎರಡು ಕಂಟ್ರೋಲರ್, ಸೂಪರ್ ಮಾರಿಯೋ ವರ್ಲ್ಡ್, ಮಾರಿಯೋ ಕಾರ್ಟ್, ಕರ್ಬಿ ಎಲ್ಲ ಒಂದೇ ಡಬ್ಬದಲ್ಲಿ. ಎನ್‌ಇಎಸ್ ಕ್ಲಾಸಿಕ್‌ನ ಕಂಟ್ರೋಲರ್ ವೈರು ಬರೀ ಎರಡೂವರೆ ಅಡಿ, ಎಕ್ಸ್‌ಟೆನ್ಷನ್ ಇಲ್ಲದೆ ಸೋಫಾದಲ್ಲಿ ಕೂತು ಆಡಲಾಗದು. ಅದರಲ್ಲಿ ಕಾಂಟ್ರಾ ಕೂಡ ಇಲ್ಲ, ಎರಡನೇ ಭಾಗ ಸೂಪರ್ ಸಿ ಇದೆ. ಸೋನಿಯ ಪ್ಲೇಸ್ಟೇಷನ್ ಕ್ಲಾಸಿಕ್ ಬಿಟ್ಟುಬಿಡಿ, ಅದರ ಕೆಲವು ಆಟಗಳು ನಿಧಾನ ಓಡುವ 50 ಹರ್ಟ್ಸ್ ಆವೃತ್ತಿಗಳು.

ನಿಂಟೆಂಡೋದ ಈ ಎರಡರ ಉತ್ಪಾದನೆಯೂ ನಿಂತಿದೆ, ಸಿಗುವುದು ಸೆಕೆಂಡ್ ಹ್ಯಾಂಡಿನಲ್ಲಿ. ಅದೇ ಬೂದು ಬಣ್ಣದ ‘620 ಆಟ’ದ ಡಬ್ಬಗಳು ಸಾವಿರ ರೂಪಾಯಿಗೆ ಸಿಗುತ್ತವೆ, ಅವು ನಕಲಿ. ಹಿಂದೆ ತಿರುಗಿಸಿ ನೋಡಿ. ಅಸಲಿಗೆ ಎಚ್‌ಡಿಎಂಐ ಮತ್ತು ಮೈಕ್ರೋ ಯುಎಸ್‌ಬಿ ತೂತುಗಳಿರುತ್ತವೆ, ಹಳದಿ ಬಿಳಿ ಎವಿ ತೂತಿದ್ದರೆ ನಕಲಿ.

ಸ್ವಿಚ್ ದುಬಾರಿ ದಾರಿ. ಸೆಕೆಂಡ್ ಹ್ಯಾಂಡ್ ಆದರೂ ಹದಿನೈದು, ಇಪ್ಪತ್ತು ಸಾವಿರದ ಮೇಲೆ. ಮೇಲಿಂದ ನಿಂಟೆಂಡೋ ಸ್ವಿಚ್ ಆನ್‌ಲೈನ್ ಚಂದಾ, ಅಮೆರಿಕದ ದರದಲ್ಲಿ ಒಬ್ಬರಿಗೆ ವರ್ಷಕ್ಕೆ 20 ಡಾಲರ್. ಎನ್‌ಇಎಸ್, ಸೂಪರ್ ಎನ್‌ಇಎಸ್, ಗೇಮ್ ಬಾಯ್ ಆಟಗಳು ಇಷ್ಟಕ್ಕೇ ಸಿಗುತ್ತವೆ. ಸೆಗಾ ಮೆಗಾ ಡ್ರೈವ್, ನಿಂಟೆಂಡೋ 64 ಬೇಕೆಂದರೆ ವರ್ಷಕ್ಕೆ ಒಟ್ಟು 50 ಡಾಲರಿನ ದೊಡ್ಡ ಚಂದಾ. ಹೊಸ ಟಿವಿಯಲ್ಲಿ ಅಸಲಿ ಮಾರಿಯೋವನ್ನು ಕಾನೂನುಬದ್ಧವಾಗಿ ಆಡಲು ಇದೇ ಸುಲಭದ ದಾರಿ, ಮತ್ತು ರಿವೈಂಡ್ ಇಷ್ಟು ಸಲೀಸಾಗಿ ಬೇರೆಲ್ಲೂ ಇಲ್ಲ. ಝಡ್‌ಎಲ್, ಝಡ್‌ಆರ್ ಗುಂಡಿಗಳೆರಡನ್ನೂ ಒತ್ತಿ ಹಿಡಿದರೆ ಆಟ ಹಿಂದಕ್ಕೆ ಸರಿಯುತ್ತದೆ, ಬಿದ್ದ ಮಗು ಬೀಳುವ ಮುಂಚಿನ ಜಾಗಕ್ಕೆ ಹೋಗಿ ಮತ್ತೆ ಹಾರುತ್ತದೆ. ಜೊತೆಗಿರುವ ಜಾಯ್‌ಕಾನ್ ಬಿಚ್ಚಿದರೆ ಎರಡು ಪುಟ್ಟ ಕಂಟ್ರೋಲರ್ ಆಗುತ್ತವೆ. ಸ್ವಿಚ್ ಲೈಟ್ ಮಾತ್ರ ಬೇಡ, ಅದು ಟಿವಿಗೆ ಸೇರುವುದಿಲ್ಲ.

ಇಲ್ಲಿನ ಅಂಗಡಿಗಳಲ್ಲಿ ಸಿಗುವ ಸ್ವಿಚ್ ಬಹುಪಾಲು ಆಮದಾಗಿ ಬಂದದ್ದು, ವಾರಂಟಿ ಎಂದರೆ ಅಂಗಡಿಯವರ ಮಾತು. ಮುಂಬೈನ ಹೀರಾ ಪನ್ನಾ ಮಾರುಕಟ್ಟೆಯಲ್ಲಾಗಲಿ ಬೇರೆಲ್ಲಾಗಲಿ ಬಿಲ್ಲಿನ ಮೇಲೆ ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ. ಜಾಯ್‌ಕಾನಿನ ಕಡ್ಡಿ ತಾನಾಗಿ ಒಂದು ಕಡೆಗೆ ಎಳೆಯುವ ರೋಗ ಸಾಮಾನ್ಯ. ಕೊಳ್ಳುವಾಗಲೇ ಸೆಟ್ಟಿಂಗಿನಲ್ಲಿ ಕಡ್ಡಿಯ ಪರೀಕ್ಷೆ ತೆರೆದು, ಕೈಬಿಟ್ಟಾಗ ಚುಕ್ಕೆ ನಡುವೆ ನಿಲ್ಲುತ್ತದೆಯೇ ನೋಡಿ. ಏಳು ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಸೇರಿಸದಿದ್ದರೆ ಚಂದಾದ ಆಟಗಳು ತೆರೆಯುವುದಿಲ್ಲ. ರಜೆಗೆ ಊರಿಗೆ ಒಯ್ಯುವವರು ಇದನ್ನು ಮರೆಯಬಾರದು.

ಹಳೆಯ ಲ್ಯಾಪ್‌ಟಾಪ್, ಇಲ್ಲವೇ ರಾಸ್ಬೆರಿ ಪೈ

ಹೆಚ್ಚಿನ ಮನೆಗಳಿಗೆ ಸರಿಹೋಗುವುದು ಇದು. ಹತ್ತು ವರ್ಷದ ಹಿಂದಿನ ಐ3 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್ ಇದ್ದರೆ 8 ಬಿಟ್, 16 ಬಿಟ್ ಕಾಲದ ಆಟಗಳಿಗೆ ಧಾರಾಳ. ಬ್ಯಾಟರಿ ಸತ್ತಿರಲಿ, ಕೀಬೋರ್ಡಿನ ಅರ್ಧ ಕೀಲಿ ಉದುರಿರಲಿ, ಚಿಂತೆಯಿಲ್ಲ. ಖರ್ಚು ಎರಡು ಯುಎಸ್‌ಬಿ ಕಂಟ್ರೋಲರಿಗೆ ಸುಮಾರು 1,000ದಿಂದ 2,000, ಎಚ್‌ಡಿಎಂಐ ಕೇಬಲ್ಲಿಗೆ 300 ರೂಪಾಯಿ.

ವಿಂಡೋಸ್ ಓಡುತ್ತಿದ್ದರೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಹಳೆಯ ಆಟಗಳ ಸಂಕಲನಗಳನ್ನು ರೂಪಾಯಿಯಲ್ಲೇ ಕೊಳ್ಳಬಹುದು, ಸೇಲ್ ಬಂದಾಗ ಬೆಲೆ ಅರ್ಧಕ್ಕೂ ಇಳಿಯುತ್ತದೆ. ಕೊನಾಮಿಯ ಕಾಂಟ್ರಾ ಆನಿವರ್ಸರಿ ಕಲೆಕ್ಷನ್‌ನಲ್ಲಿ ನಮ್ಮ ಕಾಂಟ್ರಾ ಇದೆ. ಟ್ಯಾಂಕ್ ಆಟ ಎಂದು ಎಲ್ಲರೂ ಕರೆಯುತ್ತಿದ್ದ ಬ್ಯಾಟಲ್ ಸಿಟಿ ನಾಮ್ಕೊ ಮ್ಯೂಸಿಯಂ ಆರ್ಕೈವ್ಸ್ ಎರಡನೇ ಸಂಪುಟದಲ್ಲಿದೆ. ದೂರದರ್ಶನದಲ್ಲಿ ಭಾನುವಾರ ಡಕ್‌ಟೇಲ್ಸ್ ನೋಡಿದವರಿಗೆ ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್: ಆರು ಆಟ, ರಿವೈಂಡ್ ಸಮೇತ, ಅದರಲ್ಲಿ ಇಬ್ಬರೂ ಒಟ್ಟಿಗೆ ಆಡುವ ಚಿಪ್ ಅಂಡ್ ಡೇಲ್.

ವಿಂಡೋಸ್ ತೆವಳುತ್ತಿದ್ದರೆ ಬ್ಯಾಟೊಸೆರಾ ಹಾಕಿ. ಇದು ಹಳೆಯ ಯಂತ್ರಗಳ ಆಟಗಳನ್ನು ಆಡಿಸುವ, ಪೆನ್‌ಡ್ರೈವಿನಿಂದಲೇ ಓಡುವ ಉಚಿತ ವ್ಯವಸ್ಥೆ, ಲ್ಯಾಪ್‌ಟಾಪಿನ ಡಿಸ್ಕನ್ನು ಮುಟ್ಟುವುದಿಲ್ಲ. 32 ಜಿಬಿ ಪೆನ್‌ಡ್ರೈವಿಗೆ ಬಲೆನಾ ಎಚ್ಚರ್ ಎಂಬ ಪ್ರೋಗ್ರಾಮಿನ ಮೂಲಕ ಬರೆದು, ಲ್ಯಾಪ್‌ಟಾಪ್ ಚಾಲೂ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿ. ಪಟ್ಟಿಯಲ್ಲಿ ಕಾಣದಿದ್ದರೆ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಚಿತ್ರ ಟಿವಿಯಲ್ಲಿ, ಧ್ವನಿ ಲ್ಯಾಪ್‌ಟಾಪಿನಲ್ಲಿ ಬಂದರೆ ಸೌಂಡ್ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಆರಿಸಿ. ರಿವೈಂಡ್ ಮೊದಲೇ ಆನ್ ಆಗಿರುವುದಿಲ್ಲ, ಗೇಮ್ ಸೆಟ್ಟಿಂಗಿನಲ್ಲಿ ಹಾಕಿಕೊಳ್ಳಿ.

ಆಟಗಳ ಫೈಲುಗಳನ್ನು ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಳ್ಳುವುದು ಕಾನೂನಿಗೆ ವಿರುದ್ಧ, ಮೂವತ್ತು ವರ್ಷದ ಹಿಂದಿನ ಆಟಕ್ಕೂ ಹಕ್ಕುಸ್ವಾಮ್ಯ ಇದೆ. ಹಾಗೆಂದು ಬ್ಯಾಟೊಸೆರಾ ಖಾಲಿ ಡಬ್ಬವಲ್ಲ. ಹಳೆಯ ಯಂತ್ರಗಳಿಗೆ ಈಗಲೂ ಹೊಸ ಆಟ ಬರೆಯುವವರಿದ್ದಾರೆ. 2019ರ ಮೈಕ್ರೋ ಮೇಜಸ್ ಇಡೀ ಆಟ ಬರೀ 40 ಕಿಲೋಬೈಟ್, ಒಂದೇ ಪರದೆಯಲ್ಲಿ ನಾಲ್ಕು ಜನ ಆಡಬಹುದು, ಕೊಂಡರೆ ಎನ್‌ಇಎಸ್ ಫೈಲೇ ಕೈಗೆ ಬರುತ್ತದೆ. ಗೇಮ್ ಬಾಯ್‌ನ ಟೋಬು ಟೋಬು ಗರ್ಲ್ ಉಚಿತ. ಚಿಕ್ಕ ಮಕ್ಕಳಿಗೆ ಇವು ಮಾರಿಯೋಗೇನೂ ಕಡಿಮೆಯಿಲ್ಲ.

ಲ್ಯಾಪ್‌ಟಾಪ್ ಇಲ್ಲದವರಿಗೆ ರಾಸ್ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. 2 ಜಿಬಿಯ ಬೋರ್ಡ್ ಸಾಕು. ಆದರೆ ಬೋರ್ಡಿನ ಬೆಲೆಯೊಂದನ್ನೇ ನೋಡಿ ಹೊರಡಬೇಡಿ. 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಮೈಕ್ರೋ ಎಚ್‌ಡಿಎಂಐ ಕೇಬಲ್, 32 ಜಿಬಿ ಕಾರ್ಡ್, ಹೀಟ್‌ಸಿಂಕ್ ಇರುವ ಕೇಸ್, ಎರಡು ಕಂಟ್ರೋಲರ್ ಸೇರಿದರೆ ಎಂಟು, ಹತ್ತು ಸಾವಿರ ಮುಟ್ಟುತ್ತದೆ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ಫೋನ್ ಚಾರ್ಜರ್ ಸಾಲುತ್ತಿಲ್ಲ ಎಂದರ್ಥ. ಮೆನುವಿನಿಂದ ಶಟ್‌ಡೌನ್ ಮಾಡದೆ ಸ್ವಿಚ್ ಆರಿಸುವುದು ಮಕ್ಕಳ ಅಭ್ಯಾಸ, ಕಾರ್ಡ್ ಕೆಡುವುದು ಅದರಿಂದಲೇ. ಬಿಡಿಭಾಗಗಳಿಗೆ ಮುಂಬೈನಲ್ಲಿ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ, ಭಾನುವಾರ ಹೋದರೆ ಮುಚ್ಚಿದ ಶಟರುಗಳನ್ನು ನೋಡಿ ಬರಬೇಕು. ಪುಣೆಯಲ್ಲಿ ಬುಧವಾರ ಪೇಠೆಯ ತಪ್ಕೀರ್ ಗಲ್ಲಿ. ಗೋವಾದವರಿಗೆ ಆನ್‌ಲೈನೇ ವಾಸಿ, ಇಲ್ಲವೇ ಬೆಳಗಾವಿ, ಹುಬ್ಬಳ್ಳಿಗೆ ಹೋಗಿಬರುವವರ ಕೈಲಿ ತರಿಸಬಹುದು.

ಅಗ್ಗದ ಯುಎಸ್‌ಬಿ ಕಂಟ್ರೋಲರಿನಲ್ಲಿ ನಾಲ್ಕು ದಿಕ್ಕಿನ ಗುಂಡಿಯನ್ನೇ ಮೊದಲು ಪರೀಕ್ಷಿಸಿ. ಟೆಟ್ರಿಸ್ ಥರದ ಆಟದಲ್ಲಿ ಕೆಳಗೆ ಒತ್ತಿ ಹಿಡಿಯಿರಿ. ತುಂಡು ಪಕ್ಕಕ್ಕೂ ಸರಿದರೆ ಆ ಕಂಟ್ರೋಲರ್ ವಾಪಸ್ ಕೊಡಿ.

ಕೈಯಲ್ಲಿ ಹಿಡಿದು ಆಡುವವು

500 ರೂಪಾಯಿ ಆಸುಪಾಸಿನ ‘ಸಪ್’ 400 ಆಟದ ಡಬ್ಬಿ ಎಲ್ಲೆಡೆ ಸಿಗುತ್ತದೆ. ಒಳಗಿರುವುದು ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಅಳತೆಯ ಬ್ಯಾಟರಿ. ಊದಿಕೊಂಡಂತೆ ಕಂಡರೆ ತಕ್ಷಣ ತೆಗೆದುಹಾಕಿ, ರಾತ್ರಿಯಿಡೀ ಚಾರ್ಜಿಗೆ ಬಿಡಬೇಡಿ. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವ ರಾತ್ರಿಗೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಐದಾರು ಸಾವಿರಕ್ಕೆ ಮಿಯೂ ಮಿನಿ ಪ್ಲಸ್ ಅಥವಾ ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಎಚ್ ಸಿಕ್ಕರೆ ಗುಣಮಟ್ಟ ಬೇರೆಯೇ: ಚೊಕ್ಕ 3.5 ಇಂಚಿನ ಪರದೆ, ಗಟ್ಟಿ ಗುಂಡಿ, ಎಲ್ಲಿ ಬೇಕಾದರೂ ನಿಲ್ಲಿಸುವ ಸೌಲಭ್ಯ. ಆನ್‌ಬರ್ನಿಕ್‌ಗೆ ಮಿನಿ ಎಚ್‌ಡಿಎಂಐ ಇರುವುದರಿಂದ ಟಿವಿಗೂ ಸೇರುತ್ತದೆ. ಹೇಗಿದ್ದರೂ ಇವು ಒಬ್ಬರ ಆಟಿಕೆ. ಜೊತೆಗೆ ಆಡುವುದೇ ಮುಖ್ಯವಾದರೆ ಇವನ್ನು ಎರಡನೆಯದಾಗಿ ಕೊಳ್ಳಿ, ಮೊದಲನೆಯದಾಗಿ ಅಲ್ಲ.

ಯಾವ ವಯಸ್ಸಿಗೆ ಯಾವ ಆಟ

ಯಂತ್ರಕ್ಕಿಂತ ಹೆಚ್ಚು ತಪ್ಪುವುದು ಮೊದಲ ಆಟದ ಆಯ್ಕೆಯಲ್ಲಿ. ನಮಗೆ ಇಷ್ಟ ಎಂದು ಕಾಂಟ್ರಾದಿಂದ ಶುರುಮಾಡುತ್ತೇವೆ, ಮಗು ಅರ್ಧ ನಿಮಿಷದಲ್ಲಿ ಸಾಯುತ್ತದೆ.

ನಾಲ್ಕೈದು ವರ್ಷದವರಿಗೆ ಸೆಗಾದ ಸೋನಿಕ್ 2ಕ್ಕಿಂತ ಒಳ್ಳೆಯ ಬಾಗಿಲಿಲ್ಲ. 1992ರ ಈ ಆಟದಲ್ಲಿ ಎರಡನೇ ಕಂಟ್ರೋಲರ್ ಹಿಡಿದವರು ಟೇಲ್ಸ್ ಎಂಬ ನರಿಮರಿ ಆಗುತ್ತಾರೆ. ಟೇಲ್ಸ್ ಹಿಂದೆ ಉಳಿದರೂ, ಹಳ್ಳಕ್ಕೆ ಬಿದ್ದರೂ ಆಟ ಮುಗಿಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಬಾಲ ತಿರುಗಿಸುತ್ತಾ ಹಾರಿ ಬಂದು ಪಕ್ಕದಲ್ಲಿ ಇಳಿಯುತ್ತಾನೆ. ದೊಡ್ಡವರು ಸೋನಿಕ್ ಆಗಿ ದಾರಿ ಸವೆಸುತ್ತಿದ್ದರೆ ಮಗು ಮನಸ್ಸಿಗೆ ಬಂದಂತೆ ಕುಣಿದು ಉಂಗುರ ಆಯುತ್ತದೆ. ಉರುಳಿ ಬಂದು ಶತ್ರುವನ್ನು ಅದೇ ಹೊಡೆದ ದಿನ ಅದರ ಮುಖ ನೋಡಬೇಕು. 2017ರ ಸೋನಿಕ್ ಮೇನಿಯಾದಲ್ಲೂ ಇದೇ ಏರ್ಪಾಡಿದೆ, ಅದು ಸ್ಟೀಮ್‌ನಲ್ಲಿ ಸಿಗುತ್ತದೆ. ಕರ್ಬಿ ಸೂಪರ್ ಸ್ಟಾರ್‌ನಲ್ಲೂ ಎರಡನೆಯವರು ಸಹಾಯಕರಾಗಿ ಸೇರಿಕೊಳ್ಳಬಹುದು.

ಆರರಿಂದ ಎಂಟರವರಿಗೆ ಬ್ಯಾಟಲ್ ಸಿಟಿ, ಬಬಲ್ ಬಾಬಲ್, ಚಿಪ್ ಅಂಡ್ ಡೇಲ್. ಬ್ಯಾಟಲ್ ಸಿಟಿಯಲ್ಲಿ ಇಟ್ಟಿಗೆ, ನೀರು, ಮರ ಇಟ್ಟು ತಾವೇ ಮೈದಾನ ಕಟ್ಟುವ ವ್ಯವಸ್ಥೆಯೂ ಇದೆ. ಎಷ್ಟೋ ಮಕ್ಕಳು ಆಡುವುದಕ್ಕಿಂತ ಕಟ್ಟುವುದರಲ್ಲೇ ಹೆಚ್ಚು ಹೊತ್ತು ಮುಳುಗುತ್ತಾರೆ. ಮೊದಲ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಇಬ್ಬರು ಒಟ್ಟಿಗೆ ಆಡಲಾಗುವುದಿಲ್ಲ, ಒಬ್ಬರು ಸತ್ತ ಮೇಲೆ ಇನ್ನೊಬ್ಬರ ಸರದಿ. ನೀವು ಚೆನ್ನಾಗಿ ಆಡುವವರಾದರೆ ಮಗು ಕಾಯುತ್ತಾ ಬೇಸತ್ತುಹೋಗುತ್ತದೆ. ಒಂದೇ ಕಂಟ್ರೋಲರನ್ನು ಹಂತಕ್ಕೊಮ್ಮೆ ಕೈ ಬದಲಿಸುವುದು ಉತ್ತಮ.

ಒಂಬತ್ತು ದಾಟಿದ ಮೇಲೆ ಕಾಂಟ್ರಾ. ಎನ್‌ಇಎಸ್ ಆವೃತ್ತಿಯ ಮೊದಲ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ, ಇಬ್ಬರಿಗಾದರೆ ಸೆಲೆಕ್ಟ್, ಆಮೇಲೆ ಸ್ಟಾರ್ಟ್. ಮೂರರ ಬದಲು ಮೂವತ್ತು ಜೀವ ಸಿಗುತ್ತದೆ. ಫಟಫಟ ಮಿಂಚುವ ಪರದೆಗೆ ಫಿಟ್ಸ್ ಬರುವ ತೊಂದರೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಈ ಕಾಲದ ಆಟಗಳನ್ನು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ನಿಮ್ಮ ಮನೆಗೆ ಯಾವುದು

ಎರಡು ಸಾವಿರ ರೂಪಾಯಿಯೊಳಗೆ ಮುಗಿಸಬೇಕು, ಮನೆಯಲ್ಲಿ ಓಡುವ ಲ್ಯಾಪ್‌ಟಾಪ್ ಇದೆ ಎಂದರೆ ಸ್ಟಿಕ್ಕಿನ ಕಡೆ ನೋಡಲೇಬೇಡಿ, ಎರಡು ಕಂಟ್ರೋಲರ್ ಮತ್ತು ಒಂದು ಸಂಕಲನ ಕೊಳ್ಳಿ. ಲ್ಯಾಪ್‌ಟಾಪೂ ಇಲ್ಲ, ಕಂಪ್ಯೂಟರ್ ಗೊಡವೆಯೂ ಬೇಡ ಎನ್ನುವವರಿಗೆ ಮಾತ್ರ ಸ್ಟಿಕ್, ಅದೂ ತಡ ಅಳೆದು, ಪಟ್ಟಿ ಸೋಸಿದ ಮೇಲೆ. ಮಕ್ಕಳು ಎರಡು, ವಯಸ್ಸು ಎಂಟರ ಒಳಗೆ, ಇಪ್ಪತ್ತು ಸಾವಿರ ಭಾರವಲ್ಲ ಎಂದಾದರೆ ಸ್ವಿಚ್. ಹಳೆಯ ಆಟ ಸಾಕಾದ ಮೇಲೆ ಹೊಸ ಮಾರಿಯೋವೂ ಅದರಲ್ಲೇ ಇದೆ. ಬೆಸುಗೆ ಹಿಡಿಯಲು ಬರುವವರು, ಹತ್ತು ವರ್ಷದ ಮಗುವಿಗೆ ಯಂತ್ರದ ಒಳಗನ್ನೂ ತೋರಿಸಬೇಕೆನ್ನುವವರು ಪೈ ಹಿಡಿಯಲಿ, ಜೋಡಿಸುವುದೇ ಅಲ್ಲಿ ಅರ್ಧ ಆಟ. ಲಾಫ್ಟಿನ ಡಬ್ಬ ಇದ್ದವರು ಅದನ್ನು ಸ್ವಚ್ಛಮಾಡಿ ಇಟ್ಟುಕೊಳ್ಳಿ, ಆದರೆ ದಿನದ ಆಟಕ್ಕೆ ಬೇರೆಯದೊಂದು ಇರಲಿ. ಮೂವತ್ತು ವರ್ಷದ ಪ್ಲಾಸ್ಟಿಕ್ಕು ಮಕ್ಕಳ ಎಳೆದಾಟಕ್ಕೆ ತಡೆಯುವುದಿಲ್ಲ.

ಯಾವುದನ್ನೇ ತಂದರೂ ಮಕ್ಕಳು ಮಲಗಿದ ಮೇಲೆ ಜೋಡಿಸಿ. ಗೇಮ್ ಮೋಡ್, 4:3, ಎರಡೂ ಕಂಟ್ರೋಲರ್, ಉಳಿಸುವ ಗುಂಡಿ ಎಲ್ಲ ಒಮ್ಮೆ ನೋಡಿ, ಮೊದಲ ಆಟವನ್ನು ಮೆನುವಿನ ಮೇಲ್ಗಡೆ ಇಟ್ಟುಬಿಡಿ.